ಗೆದ್ದವಳ ಸಾಲು

ಶೀಲ್ಡಣ್ಣನಿಗೆ ಒಂದು ಕೆಟ್ಟ ಅಭ್ಯಾಸವಿತ್ತು. ಯಾರು ಏನು ಮಾತಾಡಿದರೂ ಮೊದಲು ಅದರ ಅಕ್ಷರ ಎಣಿಸುತ್ತಿದ್ದ, ಅರ್ಥ ಆಮೇಲೆ. ಹೆಂಡತಿ ‘ಊಟಕ್ಕೆ ಬನ್ನಿ’ ಎಂದರೆ ಐದು. ಪಕ್ಕದ ಬೀಗದ ಕೈ ಅಂಗಡಿಯವನು ‘ಏನಣ್ಣಾ ಸಮಾಚಾರ’ ಎಂದರೆ ಏಳು. ಹೆಂಡತಿಗೆ ಸಿಟ್ಟು ಬಂದ ದಿನ ಮಾತ್ರ ಎಣಿಕೆ ತಪ್ಪುತ್ತಿತ್ತು. ‘ನಿನ್ನ ಬೈಗುಳ ಒಂದು ತಗಡಿಗೆ ಹಿಡಿಸೋಲ್ಲ ಕಣೇ, ಎರಡು ಬೇಕು’ ಎಂದು ಹೇಳಿ ಇನ್ನಷ್ಟು ಬೈಸಿಕೊಳ್ಳುತ್ತಿದ್ದ.

ಅದು ಅವನ ಕಸುಬು ಅಂಟಿಸಿದ ರೋಗ. ಬಹುಮಾನದ ಕಪ್ಪು, ಪದಕ, ಶೀಲ್ಡುಗಳ ಮೇಲೆ ಹೆಸರು ಕೆತ್ತುವವನು ಅವನು. ಕಪ್ಪುಗಳು ಸಿದ್ಧವಾಗಿಯೇ ಪೆಟ್ಟಿಗೆಗಳಲ್ಲಿ ಬರುತ್ತವೆ. ಅವನದೇನಿದ್ದರೂ ಅಕ್ಷರದ ಕೆಲಸ. ಸಣ್ಣಪುಟ್ಟದ್ದನ್ನು ಯಂತ್ರಕ್ಕೆ ಕೊಡುತ್ತಿದ್ದ. ವರ್ಷ ವರ್ಷ ಕೈ ಬದಲಾಯಿಸುವ ದೊಡ್ಡ ಶೀಲ್ಡುಗಳನ್ನು ಮಾತ್ರ ಕೈಯಿಂದಲೇ, ಉಳಿ ಹಿಡಿದು, ಉಸಿರು ಬಿಗಿಹಿಡಿದು ಕೆತ್ತುತ್ತಿದ್ದ. ಕಾಗದದ ಮೇಲೆ ತಪ್ಪು ಬರೆದವನಿಗೆ ರಬ್ಬರ್ ಇದೆ. ಹಿತ್ತಾಳೆಗೆ ಇಲ್ಲ. ಇಪ್ಪತ್ತಾರು ವರ್ಷಗಳಲ್ಲಿ ಒಂದು ಒತ್ತಕ್ಷರವೂ ತಪ್ಪಾಗಿ ಅವನ ಅಂಗಡಿಯಿಂದ ಆಚೆ ಹೋಗಿರಲಿಲ್ಲ. ಈ ಮಾತನ್ನು ಅವನು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ.

ಈಚಿನ ಎಂಟು ವರ್ಷ ಹಾಗೆ ತಪ್ಪದಿರಲು ಕಾರಣ ಅವನ ಮಗಳು. ಎರಡನೇ ಕ್ಲಾಸಿನಲ್ಲಿದ್ದಾಗಿನಿಂದ ಅವಳೇ ಅವನ ತಪ್ಪು ಹಿಡಿಯುವವಳು. ಸ್ಕೂಲು ಬಿಟ್ಟವಳು ಸೀದಾ ಅಂಗಡಿಗೆ ಬಂದು, ಬ್ಯಾಗು ಕೆಳಗಿಟ್ಟು, ಆ ದಿನದ ತಗಡುಗಳನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದಳು. ಪೆನ್ಸಿಲ್ಲಿನ ಗೆರೆ ಇರುವಾಗ ಒಮ್ಮೆ, ಕೆತ್ತಿದ ಮೇಲೆ ಒಮ್ಮೆ. ಗಂಟಲು ಒಳ್ಳೆಯದಿತ್ತು, ನಾಲಿಗೆ ಸ್ಪಷ್ಟ. ‘ಮಧ್ಯಮ ದೂರದ ಓಟ, ದ್ವಿತೀಯ ಸ್ಥಾನ’ ಎಂದು ಅವಳು ಓದಿದರೆ ಬೀಗದ ಕೈಯವನು ಕೆಲಸ ಬಿಟ್ಟು ಚಪ್ಪಾಳೆ ತಟ್ಟುತ್ತಿದ್ದ. ಅವಳನ್ನು ಭಾಷಣ ಸ್ಪರ್ಧೆಗೆ ನಿಲ್ಲಿಸಬೇಕು ಎನ್ನುವ ಹುಚ್ಚು ಶೀಲ್ಡಣ್ಣನಿಗೆ ಹತ್ತಿದ್ದು ಅಲ್ಲಿಂದಲೇ.

ಅವಳ ಸ್ಕೂಲಿನ ಭಾಷಣದ ಶೀಲ್ಡಿಗೆ ಬೇರೆಲ್ಲೂ ಇಲ್ಲದ ಒಂದು ಪದ್ಧತಿ ಇತ್ತು. ಗೆದ್ದವರ ಹೆಸರಿನ ಕೆಳಗೆ ಅವರ ಭಾಷಣದ ಒಂದು ಸಾಲನ್ನೂ ಕೆತ್ತಬೇಕು. ಯಾವ ಸಾಲು ಎಂದು ಮೇಷ್ಟ್ರುಗಳು ಆರಿಸಿ ಲಕೋಟೆಯಲ್ಲಿ ಕಳಿಸುತ್ತಾರೆ. ಬಹುಮಾನದ ದಿನ ಮುಖ್ಯ ಅತಿಥಿ ಶೀಲ್ಡಿನ ಬಟ್ಟೆ ಸರಿಸಿ, ಆ ಸಾಲನ್ನು ಮೈಕಿನಲ್ಲಿ ಓದಿ, ಆಮೇಲೆ ಕೈಗೆ ಕೊಡುತ್ತಾರೆ. ಹದಿನೆಂಟು ವರ್ಷಗಳ ಹದಿನೆಂಟು ಸಾಲುಗಳನ್ನು ಕೆತ್ತಿದವನು ಶೀಲ್ಡಣ್ಣ. ಹತ್ತೊಂಬತ್ತನೆಯ ಜಾಗ ಮಗಳದ್ದು ಎಂದು ಮನಸ್ಸಿನಲ್ಲೇ ಗೆರೆ ಎಳೆದು ಇಟ್ಟುಕೊಂಡಿದ್ದ.

ಸ್ಪರ್ಧೆಯ ದಿನ ಅವಳು ಮೂರು ನಿಮಿಷ ಚೆನ್ನಾಗಿಯೇ ಮಾತಾಡಿದಳು. ಆಮೇಲೆ ನಿಂತುಬಿಟ್ಟಳು. ಮುಂದಿನ ಪದ ನೆನಪಾಗಲಿಲ್ಲ. ಬಾಯಿ ತೆರೆದಿದೆ, ಮಾತು ಬರುತ್ತಿಲ್ಲ. ಹಾಗೆ ಒಂಬತ್ತು ಸೆಕೆಂಡು. ಆಮೇಲೆ ‘ಕ್ಷಮಿಸಿ’ ಎಂದು ಕೆಳಗಿಳಿದಳು. ಇಂಥದ್ದು ಯಾರಿಗೆ ಆಗಿಲ್ಲ? ನಮ್ಮ ಕಾಲದಲ್ಲಾಗಿದ್ದರೆ ನಾಲ್ಕು ಜನ ನಕ್ಕು, ಸಂಜೆಗೆ ಆಟಕ್ಕೆ ಹೋಗಿಬಿಡುತ್ತಿದ್ದರು.

ಮುಂದಿನ ಸರದಿಗೆ ಕಾಯುತ್ತಾ ಕೂತಿದ್ದವಳು ವಕೀಲರ ಮಗಳು. ಅವಳ ಕೈಯಲ್ಲಿ ಫೋನಿತ್ತು. ಒಂಬತ್ತು ಸೆಕೆಂಡುಗಳನ್ನು ಕತ್ತರಿಸಿ, ಮತ್ತೆ ಮತ್ತೆ ತಿರುಗುವಂತೆ ಜೋಡಿಸಿ, ತೆರೆದ ಬಾಯಿಯ ಸುತ್ತ ನೀರಿನ ಗುಳ್ಳೆ ಅಂಟಿಸಿ, ಕೆಳಗೆ ಬರೆದಳು: ‘ಈ ಮೀನಿಗೆ ಯಾರಾದ್ರೂ ನೀರು ಕುಡಿಸ್ರೋ.’ ಬರೆದು, ಸ್ಟೇಜು ಹತ್ತಿ, ಮಾತು ಮನುಷ್ಯರನ್ನು ಹೇಗೆ ಹತ್ತಿರ ತರುತ್ತದೆ ಎಂಬ ವಿಷಯದ ಮೇಲೆ ಐದು ನಿಮಿಷ ಮಾತಾಡಿ ಮೊದಲ ಬಹುಮಾನ ಹೊಡೆದಳು.

ಅದು ಒಂದೇ ದಿನದಲ್ಲಿ ಎಲ್ಲ ಕ್ಲಾಸುಗಳ ಗುಂಪುಗಳನ್ನೂ ಸುತ್ತಿ ಬಂತು. ಶೀಲ್ಡಣ್ಣನ ಮಗಳು ಕಾರಿಡಾರಿನಲ್ಲಿ ನಡೆದರೆ ಹುಡುಗರು ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತಿದ್ದರು. ಅವಳ ಬೆಂಚಿನ ಮೇಲೆ ಯಾರೋ ನೀರಿನ ಬಾಟಲಿ ಸಾಲಾಗಿ ಜೋಡಿಸಿಟ್ಟಿದ್ದರು. ಮೊದಲು ಕ್ಲಾಸಿನಲ್ಲಿ ಉತ್ತರ ಹೇಳುವುದನ್ನು ಬಿಟ್ಟಳು. ಆಮೇಲೆ ಸ್ಕೂಲಿಗೆ ಹೋಗುವುದನ್ನೇ ಬಿಟ್ಟಳು. ಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿ ಫೋನು ನೋಡುವುದೇ ಕೆಲಸ. ಯಾರು ನಕ್ಕರು, ಎಷ್ಟು ಜನ ನಕ್ಕರು, ನಿನ್ನೆಗಿಂತ ಎಷ್ಟು ಹೆಚ್ಚು. ಆ ಒಂಬತ್ತು ಸೆಕೆಂಡನ್ನು ಇಡೀ ಸ್ಕೂಲು ನೋಡಿದ್ದಕ್ಕಿಂತ ಹೆಚ್ಚು ಸಲ ಅವಳೊಬ್ಬಳೇ ನೋಡಿದ್ದಳು. ತಟ್ಟೆ ಮುಂದಿಟ್ಟರೆ ಬಾಯಿ ತೆರೆಯಲು ನಾಚಿಕೆಪಟ್ಟು ಆಚೆ ತಿರುಗುತ್ತಿದ್ದಳು. ಗಣಿತದಲ್ಲಿ ತೊಂಬತ್ತರ ಮೇಲೆ ತೆಗೆಯುತ್ತಿದ್ದ ಹುಡುಗಿ ಅರ್ಧವಾರ್ಷಿಕ ಪರೀಕ್ಷೆಗೆ ಕೂರಲೇ ಇಲ್ಲ. ಅಂಗಡಿಯಲ್ಲಿ ತಗಡು ಓದುವ ದನಿಯೂ ನಿಂತಿತು.

ಶೀಲ್ಡಣ್ಣ ಹೆಂಡತಿಯನ್ನು ಕರೆದುಕೊಂಡು ಹೆಡ್‌ಮಿಸ್ ಕೋಣೆಗೆ ಹೋದ. ವಕೀಲರೂ ಅವರ ಮಗಳೂ ಮೊದಲೇ ಬಂದು ಕೂತಿದ್ದರು.

‘ಮಾರನೇ ದಿನಾನೇ ಡಿಲೀಟ್ ಮಾಡಿದೀನಿ ಮೇಡಂ. ತಮಾಷೆಗೆ ಹಾಕಿದ್ದು,’ ಎಂದಳು ಹುಡುಗಿ. ಹೇಳುವಾಗ ಉಗುರು ನೋಡಿಕೊಳ್ಳುತ್ತಿದ್ದಳು.

‘ಇಲ್ಲದೇ ಇರೋದಕ್ಕೆ ಏನಂತ ಕ್ರಮ ತಗೊಳ್ತೀರಿ ಮೇಡಂ?’ ಎಂದರು ವಕೀಲರು. ‘ಎಲ್ಲಿದೆ ತೋರಿಸ್ಲಿ ನೋಡೋಣ.’

ಅದು ಮನೆಯಲ್ಲಿ, ಮಗಳ ಫೋನಿನಲ್ಲಿ ಇತ್ತು. ಬೆಳಿಗ್ಗೆ ಶೀಲ್ಡಣ್ಣ ಕೈಮುಗಿದು ಕೇಳಿದ್ದ. ಅವಳು ಕೊಟ್ಟಿರಲಿಲ್ಲ. ‘ಬೇಡಪ್ಪ. ಅವರೆಲ್ಲ ಕೂತ್ಕೊಂಡು ಇನ್ನೊಂದು ಸಲ ನೋಡೋದು ಬೇಡ,’ ಎಂದಿದ್ದಳು.

ಹೆಡ್‌ಮಿಸ್ ಎರಡೂ ಕಡೆಯವರಿಗೆ ಚಹಾ ತರಿಸಿದರು. ‘ಮಕ್ಕಳು ಮಕ್ಕಳೇ ಅಲ್ವಾ ಶೀಲ್ಡಣ್ಣ. ದೊಡ್ಡವರಾದ ನಾವು ತಲೆಗೆ ಹಚ್ಕೋಬಾರ್ದು,’ ಎಂದು ಕೈ ತೊಳೆದುಕೊಂಡರು. ವಕೀಲರ ಮಗಳು ಬಾಗಿಲು ದಾಟುವಾಗ ಒಂದು ಸಾರಿ ತಿರುಗಿ ನೋಡಿದಳು. ಅವಳು ನಕ್ಕಳೋ ಇಲ್ಲವೋ, ದೇವರಿಗೇ ಗೊತ್ತು. ಶೀಲ್ಡಣ್ಣನಿಗಂತೂ ನಕ್ಕಂತೆ ಕಂಡಿತು. ಅಂಗಡಿಗೆ ಬಂದವನೇ ಆರ್ಡರ್ ಪುಸ್ತಕ ತೆಗೆದು, ಹೊಸ ಪುಟದಲ್ಲಿ ಆ ಮೀನಿನ ಸಾಲನ್ನು ಚೌಕ ಚೌಕವಾಗಿ ಬರೆದುಕೊಂಡ. ಹನ್ನೆರಡು ಅಕ್ಷರ. ಕೆಳಗೆ ಗಿರಾಕಿಯ ಹೆಸರು ಬರೆಯುವ ಜಾಗದಲ್ಲಿ ವಕೀಲರ ಮಗಳ ಹೆಸರು ಬರೆದ.

ಅಲ್ಲಿಂದ ಮುಂದೆ ಅವನು ಹಲ್ಲು ಕಚ್ಚಿಕೊಂಡೇ ಬದುಕಿದ. ಕಪ್ಪಿನ ಮೇಲೆ ಯಾರದೇ ಹೆಸರು ಕೊರೆದರೂ ಕೈಗೆ ಅವಳ ಹೆಸರೇ ಬಂದಂತಾಗುತ್ತಿತ್ತು. ವಕೀಲರ ಮನೆ ಮುಂದೆ ಹಾಯುವಾಗ ಗೇಟಿನ ಹಿತ್ತಾಳೆ ಫಲಕ ಕಾಣುತ್ತಿತ್ತು. ಅದನ್ನು ಕೆತ್ತಿದವನೂ ಅವನೇ. ಎಷ್ಟು ಚೆನ್ನಾಗಿ ಕೆತ್ತಿದೆನಲ್ಲ ಎಂದು ಹೊಟ್ಟೆ ಉರಿದುಕೊಂಡ.

ಮಗಳು ನಿಧಾನವಾಗಿ ಚೇತರಿಸಿಕೊಂಡಳು. ವಾರಕ್ಕೆರಡು ದಿನ ಕೌನ್ಸೆಲಿಂಗ್ ಮೇಡಂ ಹತ್ತಿರ ಹೆಂಡತಿ ಅವಳನ್ನು ಕರೆದುಕೊಂಡು ಹೋಗುತ್ತಿದ್ದಳು. ಫೋನನ್ನು ಅವಳೇ ತಾಯಿಯ ಕೈಗೆ ಕೊಟ್ಟಳು. ಎರಡು ಸಲ ವಾಪಸ್ ಕಸಿದುಕೊಂಡಳು, ಮೂರನೇ ಸಲ ಕೊಟ್ಟಿದ್ದು ಅಲ್ಲೇ ಉಳಿಯಿತು. ಮೊದಲು ಕನ್ನಡಿ ಮುಂದೆ ಪಾಠ ಓದಿದಳು, ಆಮೇಲೆ ತಾಯಿಯ ಮುಂದೆ. ನಾಲ್ಕು ತಿಂಗಳು ಹಿಡಿಯಿತು. ಹತ್ತನೇ ಕ್ಲಾಸಿನ ದೊಡ್ಡ ಪರೀಕ್ಷೆಗೆ ಇನ್ನೊಂದು ತಿಂಗಳಿರುವಾಗ ಒಂದು ಸಂಜೆ ತಾನಾಗಿಯೇ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತಳು.

‘ಅಪ್ಪ, ಸೋಮವಾರದಿಂದ ಸ್ಕೂಲಿಗೆ ಹೋಗ್ತೀನಿ. ಪರೀಕ್ಷೆ ಬರೀತೀನಿ.’

‘ಹೆದರಿಕೆ ಆಗಲ್ವಾ ಪುಟ್ಟಿ?’

‘ಎಲ್ರೂ ಮರ್ತಿದಾರಂತಪ್ಪ. ನನ್ನ ಬೆಂಚಿನವಳು ಹೇಳಿದ್ಲು. ಈಗ ಬೇರೆ ಯಾರನ್ನೋ ಹಿಡ್ಕೊಂಡಿದಾರಂತೆ.’ ಹೇಳಿ ಅವಳು ನಕ್ಕಳು. ಎಷ್ಟೋ ದಿನಗಳ ಮೇಲೆ ಹಲ್ಲು ಕಾಣುವಂತೆ ನಕ್ಕಳು.

ಅಪ್ಪನಾದವನು ಅಲ್ಲೇ ಕುಣಿದುಬಿಡಬೇಕಿತ್ತು. ಶೀಲ್ಡಣ್ಣ ಅವಳ ತಲೆ ಸವರಿದ, ಖುಷಿಯೂ ಪಟ್ಟ. ಆದರೆ ಅವಳು ಅತ್ತ ಹೋದ ಮೇಲೆ ಅವನ ಕಿವಿಯಲ್ಲಿ ಉಳಿದದ್ದು ಒಂದೇ ಪದ. ಮರೆತಿದ್ದಾರೆ! ನನ್ನ ಮಗಳ ನಾಲ್ಕು ತಿಂಗಳು ತಿಂದು, ಬಾಯಿ ಒರೆಸಿಕೊಂಡು, ಮರೆತಿದ್ದಾರೆ! ಯಾರೋ ಗೆದ್ದ ಗುಂಡು ಎಸೆತವನ್ನು ಊರು ಮರೆಯದಂತೆ ಮಾಡುವುದು ಅವನ ಹೊಟ್ಟೆಪಾಡು. ಮರೆವು ಎನ್ನುವುದು ಅವನಿಗೆ ಹುಟ್ಟಿನಿಂದಲೇ ಆಗದ ವಸ್ತು. ಆ ವಕೀಲರ ಮಗಳನ್ನು ಸುಮ್ಮನೆ ಬಿಟ್ಟರೆ ನಾನು ನಮ್ಮಪ್ಪನಿಗೆ ಹುಟ್ಟಿದವನೇ ಅಲ್ಲ ಎಂದುಕೊಂಡ.

ಎರಡು ದಿನ ಬಿಟ್ಟು ಸ್ಕೂಲಿನಿಂದ ಶೀಲ್ಡೂ ಲಕೋಟೆಯೂ ಬಂದವು. ಹೆಸರು: ವಕೀಲರ ಮಗಳದ್ದು. ಸಾಲು: ‘ಮಾತು ಮನುಷ್ಯರನ್ನು ಹತ್ತಿರ ತರುತ್ತದೆ.’ ಹದಿನಾಲ್ಕು ಅಕ್ಷರ. ಶೀಲ್ಡಣ್ಣ ಚೀಟಿಯನ್ನು ಎರಡು ಸಲ ಓದಿ, ಪಕ್ಕಕ್ಕಿಟ್ಟು, ಆರ್ಡರ್ ಪುಸ್ತಕದ ಆ ಪುಟ ತೆರೆದ. ಅವಳ ಬಾಯಿಂದ ಬಂದ ಸಾಲು ತಾನೇ ಹಾಕಬೇಕಾದ್ದು? ಇದೂ ಅವಳದ್ದೇ. ಇದೇ ನಿಜವಾಗಿ ಅವಳದ್ದು. ಎಲ್ಲಿದೆ ತೋರಿಸಿ ಎಂದಿದ್ದರಲ್ಲ ವಕೀಲರು, ತೋರಿಸುತ್ತೇನೆ. ಎರಡು ಅಕ್ಷರ ಕಡಿಮೆಯಾದ್ದರಿಂದ ಅಕ್ಷರದ ಗಾತ್ರ ಸ್ವಲ್ಪ ದೊಡ್ಡದು ಮಾಡಬಹುದಿತ್ತು. ಹಿಂದಿನ ಸಾಲಿನಲ್ಲಿ ಕೂತವರಿಗೂ ಕಂಡರೆ ಒಳ್ಳೆಯದು ಎಂದುಕೊಂಡು ದೊಡ್ಡದೇ ಮಾಡಿದ.

ಮಧ್ಯಾಹ್ನ ಅಂಗಡಿಯ ಶಟರ್ ಅರ್ಧ ಎಳೆದು ಕೂತ. ಅಂಥ ಕೆಲಸ ಅವನು ಜೀವಮಾನದಲ್ಲಿ ಮಾಡಿರಲಿಲ್ಲ. ‘ಮೀ’ ಅಕ್ಷರದ ದೀರ್ಘವನ್ನು ತಿರುಗಿಸುವಾಗ ಉಳಿ ತಾನಾಗಿಯೇ ಓಡಿತು. ಒಂದೊಂದು ಚೂರು ಹಿತ್ತಾಳೆ ಎದ್ದು ಬಂದಾಗಲೂ ವಕೀಲರ ಮಗಳ ಮುಖ ಕಾಣುತ್ತಿತ್ತು: ಸ್ಟೇಜಿನ ಮೇಲೆ, ಎಲ್ಲರ ಎದುರಿಗೆ, ಬಾಯಿ ತೆರೆದು, ಮಾತು ಹೊರಡದೆ. ಅವನಿಗೆ ಹೆಚ್ಚೇನೂ ಬೇಕಿರಲಿಲ್ಲ. ಒಂಬತ್ತೇ ಸೆಕೆಂಡು ಸಾಕಿತ್ತು. ಕಪ್ಪು ಬಣ್ಣ ತುಂಬಿ, ಒರೆಸಿ, ಪಾಲಿಷ್ ಕೊಟ್ಟ. ಎಷ್ಟೋ ತಿಂಗಳ ಮೇಲೆ ಎದೆ ಹಗುರಾಯಿತು.

ಸಂಜೆ ಮಗಳು ಬಂದಳು. ಬಟ್ಟೆ ಹೊದಿಸಿದ ಶೀಲ್ಡು ನೋಡಿ, ‘ಭಾಷಣದ್ದಾ? ಕೊಡು, ಓದ್ತೀನಿ,’ ಎಂದು ಕೈ ಚಾಚಿದಳು.

‘ಬೇಡ ಬೇಡ. ಬಣ್ಣ ಹಸಿ ಇದೆ.’

‘ಮುಟ್ಟಲ್ಲಪ್ಪ. ಕಣ್ಣಲ್ಲಿ ತಾನೇ ಓದೋದು.’

‘ಎಲ್ಲ ನೋಡಿದೀನಿ ಪುಟ್ಟಿ. ಸರಿಯಾಗಿದೆ.’

ಅವಳು ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಅದರಲ್ಲಿರುವುದು ಯಾರ ಹೆಸರೆಂದು ಅವಳಿಗೂ ಗೊತ್ತಿತ್ತು. ತನಗೆ ನೋವಾಗದಿರಲಿ ಎಂದು ಅಪ್ಪ ಬಚ್ಚಿಡುತ್ತಿದ್ದಾನೆ ಎಂದುಕೊಂಡಿರಬೇಕು, ಅವನ ಭುಜ ತಟ್ಟಿ ಮನೆಗೆ ಹೋದಳು. ಎಂಟು ವರ್ಷಗಳಲ್ಲಿ ಅವಳು ಕೈ ಚಾಚಿಯೂ ಓದಲು ಸಿಗದೆ ಹೊರಗೆ ಹೋದ ಮೊದಲ ತಗಡು ಅದು.

ಬಹುಮಾನದ ದಿನ ಶನಿವಾರ. ಕಾರ್ಯಕ್ರಮ ಶುರುವಾಗಲು ಹತ್ತು ನಿಮಿಷ ಇದೆ ಎನ್ನುವಾಗ ಶೀಲ್ಡಣ್ಣ ಶೀಲ್ಡು ತಂದುಕೊಟ್ಟ. ‘ಇಷ್ಟು ತಡಾನಾ?’ ಎಂದರು ಹೆಡ್‌ಮಿಸ್. ‘ಕೆಲಸ ಸೂಕ್ಷ್ಮದ್ದು ಮೇಡಂ,’ ಎಂದ. ಬಟ್ಟೆ ಎತ್ತಿ ನೋಡಲು ಅವರಿಗೆ ಪುರುಸೊತ್ತಿರಲಿಲ್ಲ, ಅವನ ಕೆಲಸವನ್ನು ನೋಡಬೇಕು ಎಂದು ಯಾರಿಗೂ ಅನ್ನಿಸುತ್ತಲೂ ಇರಲಿಲ್ಲ. ಅವನು ಸ್ಕೂಲಿನ ಸಭಾ ಹಾಲಿನ ಪಕ್ಕದ ಗೋಡೆಗೆ ಒರಗಿ ನಿಂತ. ಅಲ್ಲಿಂದ ಸ್ಟೇಜು ಚೆನ್ನಾಗಿ ಕಾಣುತ್ತಿತ್ತು. ಮುಂದಿನ ಸಾಲಿನಲ್ಲಿ ವಕೀಲರು ಇಸ್ತ್ರಿ ಕೋಟು ಹಾಕಿಕೊಂಡು ಕೂತಿದ್ದರು.

ಮುಖ್ಯ ಅತಿಥಿ ಒಬ್ಬ ನಿವೃತ್ತ ಡಾಕ್ಟರು. ದಪ್ಪ ಕನ್ನಡಕ, ಅದಕ್ಕಿಂತ ದಪ್ಪ ಗಂಟಲು. ಭಾಷಣದ ಬಹುಮಾನ ಎಂದು ಕೂಗಿದಾಗ ವಕೀಲರ ಮಗಳು ಹತ್ತಿ ಬಂದು ಅವರ ಪಕ್ಕದಲ್ಲಿ ನಿಂತಳು. ಡಾಕ್ಟರು ಬಟ್ಟೆ ಸರಿಸಿದರು, ತಗಡನ್ನು ಕಣ್ಣಿನ ಹತ್ತಿರ ತಂದರು.

‘ಆಹಾ, ಈ ಮಗುವಿನ ಸಾಲು ಕೇಳಿ,’ ಎಂದರು. ‘ಈ ಮೀನಿಗೆ, ಯಾರಾದ್ರೂ, ನೀರು ಕುಡಿಸ್ರೋ! ಎಂಥಾ ದಯೆ ನೋಡಿ. ಒಂದು ಮೂಕಪ್ರಾಣಿಯ ಬಗ್ಗೆ!’

ವಕೀಲರ ಮಗಳ ಮುಖದಿಂದ ರಕ್ತ ಇಳಿದುಹೋಯಿತು. ಬಾಯಿ ತೆರೆಯಿತು. ಮಾತು ಬರಲಿಲ್ಲ. ಶೀಲ್ಡಣ್ಣ ಎಣಿಸತೊಡಗಿದ. ಒಂದು. ಎರಡು. ಹೆಡ್‌ಮಿಸ್ ಕುರ್ಚಿಯಿಂದ ಅರ್ಧ ಎದ್ದರು. ವಕೀಲರ ಕತ್ತು ಕೆಂಪಗಾಯಿತು. ಮೂರು. ನಾಲ್ಕು. ನೋಡು ತಾಯಿ, ನೋಡು, ಹೀಗಿರುತ್ತದೆ ಅದು, ಎಂದು ಅವನ ಒಳಗೆಲ್ಲ ಕೇಕೆ ಹಾಕುತ್ತಿತ್ತು. ಇಷ್ಟು ಸಿಹಿಯಾದದ್ದನ್ನು ಅವನು ಬದುಕಿನಲ್ಲಿ ಉಂಡಿರಲಿಲ್ಲ.

ಐದಕ್ಕೆ ನಗು ಎದ್ದಿತು. ಹಾಲಿನ ತುಂಬ ಮಕ್ಕಳ ನಗು. ನಗುತ್ತಾ ನಗುತ್ತಾ ಅವರೆಲ್ಲ ತಲೆ ತಿರುಗಿಸಿದರು. ಸ್ಟೇಜಿನ ಕಡೆಗಲ್ಲ, ಹಿಂದಕ್ಕೆ. ಇವರು ಹಿಂದೆ ಏನು ನೋಡುತ್ತಿದ್ದಾರೆ ಎಂದು ಶೀಲ್ಡಣ್ಣನೂ ಕತ್ತು ಹೊರಳಿಸಿದ.

ಕೊನೆಯಿಂದ ಮೂರನೇ ಸಾಲಿನಲ್ಲಿ ಅವನ ಮಗಳು ಕೂತಿದ್ದಳು. ಪಕ್ಕದಲ್ಲಿ ಅವಳ ಬೆಂಚಿನವಳು, ಆಚೆಗೆ ಅವನ ಹೆಂಡತಿ. ಸೋಮವಾರ ಒಮ್ಮೆಗೇ ಎಲ್ಲರ ಮುಖ ನೋಡುವುದಕ್ಕಿಂತ ಇವತ್ತೇ ಒಂದು ಗಂಟೆ ಗುಂಪಿನ ನಡುವೆ ಕೂತು ಬರಲಿ ಎಂದು ಕೌನ್ಸೆಲಿಂಗ್ ಮೇಡಂ ಹೇಳಿದ್ದರಂತೆ. ಅಪ್ಪನಿಗೆ ಹೇಳುವುದು ಬೇಡ, ಅಲ್ಲಿ ನೋಡಿದರೆ ಖುಷಿಪಡುತ್ತಾನೆ ಎಂದು ಮಗಳೇ ಹೇಳಿದ್ದಳಂತೆ. ಯೂನಿಫಾರ್ಮ್ ಹಾಕಿಕೊಂಡಿದ್ದಳು. ಎರಡು ಜಡೆ ಹಾಕಿಸಿಕೊಂಡಿದ್ದಳು.

‘ನೀರು! ನೀರು!’ ಎಂದು ಯಾರೋ ಕೂಗಿದರು. ಮರೆತಿದ್ದವರಿಗೆಲ್ಲ ನೆನಪಾಯಿತು, ಗೊತ್ತೇ ಇಲ್ಲದಿದ್ದ ಸಣ್ಣ ಕ್ಲಾಸಿನವರಿಗೆ ಪಕ್ಕದವರು ಹೇಳಿಕೊಟ್ಟರು. ಮುಂದಿನ ಸಾಲಿನಿಂದ ಒಂದು ನೀರಿನ ಬಾಟಲಿ ಹೊರಟಿತು. ಕೈಯಿಂದ ಕೈಗೆ, ಸಾಲಿನಿಂದ ಸಾಲಿಗೆ ಹಿಂದಕ್ಕೆ ಹೋಯಿತು. ಎಲ್ಲ ಕಡೆ ಫೋನುಗಳು ಮೇಲೆದ್ದಿದ್ದವು. ಬಾಟಲಿ ಅವಳ ತೊಡೆಯ ಮೇಲೆ ಹೋಗಿ ಬಿತ್ತು. ಡಾಕ್ಟರಿಗೆ ಏನೂ ಅರ್ಥವಾಗದೆ ಅವರೂ ನಗುತ್ತಾ ಶೀಲ್ಡನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. ಮಗಳು ಆ ಅಕ್ಷರಗಳನ್ನು ದೂರದಿಂದಲೇ ನೋಡಿದಳು. ಎಂಟು ವರ್ಷ ದಿನಾ ಓದಿದ ಕೈಬರಹ, ಗುರುತು ಸಿಗದೇ ಇರುತ್ತದೆಯೇ. ಆಮೇಲೆ ಗೋಡೆಯ ಹತ್ತಿರ ನಿಂತಿದ್ದ ಅಪ್ಪನನ್ನು ನೋಡಿದಳು.

ಅವನು ಜನರನ್ನು ತಳ್ಳಿಕೊಂಡು ಹೋಗುವಷ್ಟರಲ್ಲಿ ಆ ಕುರ್ಚಿಗಳು ಖಾಲಿಯಾಗಿದ್ದವು.

ಅವತ್ತು ಹೆಂಡತಿ ಬೈಯಲಿಲ್ಲ. ಅದೇ ಅವನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಅವನು ಮೊದಲು ಡಾಕ್ಟರನ್ನು ಶಪಿಸಿದ, ಕನ್ನಡಕ ಇಟ್ಟುಕೊಂಡೂ ಕುರುಡ ಎಂದ. ಆಮೇಲೆ ಬಾಟಲಿ ಕಳಿಸಿದ ಮಕ್ಕಳನ್ನು, ಅವರ ಕೈಗೆ ಫೋನು ಕೊಟ್ಟ ಅಪ್ಪ ಅಮ್ಮಂದಿರನ್ನು, ಅದನ್ನು ಊರೆಲ್ಲ ಹಂಚುವ ಆ ಕಾಣದ ಯಂತ್ರಗಳನ್ನು ಶಪಿಸಿದ. ಕೊನೆಗೆ ಶಾಪ ಹಾಕಲು ಯಾರೂ ಉಳಿಯಲಿಲ್ಲ. ಆ ದಿನದ ವಿಡಿಯೋ ಮೊದಲಿನ ಒಂಬತ್ತು ಸೆಕೆಂಡಿಗಿಂತ ಬಹಳ ದೂರ ಹೋಯಿತು. ಅದರಲ್ಲಿ ಡಾಕ್ಟರ ಗಂಟಲಿತ್ತು, ಬಾಟಲಿಯಿತ್ತು, ಎರಡು ಜಡೆಯ ಹುಡುಗಿಯ ಮುಖವಿತ್ತು. ವಕೀಲರ ಮಗಳ ಬಗ್ಗೆ ಎಲ್ಲರೂ ‘ಪಾಪ, ಸ್ಟೇಜಿನ ಮೇಲೆ ಕರೆದು ಮರ್ಯಾದೆ ತೆಗೆದರು’ ಎಂದರು. ಅವಳು ಮಾರನೇ ವಾರ ಎಂದಿನಂತೆ ಸ್ಕೂಲಿಗೆ ಹೋದಳು.

ತಗಡು ಅಂಗಡಿಗೆ ವಾಪಸ್ ಬಂತು. ಶೀಲ್ಡಣ್ಣ ಅರ ಹಿಡಿದು ಹನ್ನೆರಡು ಅಕ್ಷರಗಳನ್ನೂ ಉಜ್ಜಿ ಉಜ್ಜಿ ತೆಗೆದ. ಬೆರಳ ತುದಿ ಸವೆದು ರಕ್ತ ಬಂತು. ಮನೆಗೆ ಒಯ್ದು ಮಗಳ ಮುಂದೆ ಹಿಡಿದ.

‘ತೆಗ್ದುಬಿಟ್ಟೆ ಪುಟ್ಟಿ. ನೋಡು, ಏನೂ ಉಳಿದಿಲ್ಲ.’

‘ಅವಳೂ ಹಾಗೇ ಹೇಳಿದ್ಲಪ್ಪ,’ ಎಂದು ಅವಳು ಗೋಡೆಗೆ ತಿರುಗಿದಳು.

ಪರೀಕ್ಷೆಯ ಬೆಳಿಗ್ಗೆ ಹೆಂಡತಿ ಹಾಲ್ ಟಿಕೆಟ್, ಪೆನ್ನು, ಅಳತೆಪಟ್ಟಿ ಎಲ್ಲ ಜೋಡಿಸಿ ಮೇಜಿನ ಮೇಲೆ ಇಟ್ಟಳು. ಮಗಳು ಯೂನಿಫಾರ್ಮ್ ಹಾಕಿಕೊಂಡು, ಒಂದು ಶೂ ಹಾಕಿಕೊಂಡು, ಮೆಟ್ಟಿಲ ಮೇಲೆ ಕೂತಳು. ಇನ್ನೊಂದು ಕೈಯಲ್ಲೇ ಇತ್ತು. ಬಸ್ಸು ಬಂದು, ಒಂದು ನಿಮಿಷ ನಿಂತು, ಹೋಯಿತು. ಶೀಲ್ಡಣ್ಣ ಗಾಡಿಯ ಕೀಲಿ ಹಿಡಿದು ಹತ್ತಿರ ಹೋದ.

‘ನಾನು ಬಿಡ್ತೀನಿ ಬಾ. ಹೊರಗಡೇನೇ ನಿಂತಿರ್ತೀನಿ. ಯಾವನು ಏನಂತಾನೋ ನೋಡ್ತೀನಿ.’

‘ಬೇಡ,’ ಎಂದಳು ಅವಳು. ಶೂ ಬಿಚ್ಚಿ, ಎರಡನ್ನೂ ಜೋಡಿಸಿ ಬಾಗಿಲ ಪಕ್ಕ ಇಟ್ಟಳು. ‘ಮುಂದಿನ ವರ್ಷ ಬರೀತೀನಿ. ಬೇರೆ ಸ್ಕೂಲಿಗೆ ಸೇರ್ಸು. ನೀನು ಅಕ್ಷರ ಹಾಕ್ದೇ ಇರೋ ಸ್ಕೂಲಿಗೆ.’

ಅವನು ಅಲ್ಲೇ ಮೆಟ್ಟಿಲ ಮೇಲೆ ಕೂತು ಯೋಚಿಸಿದ. ಬಸ್ ಸ್ಟ್ಯಾಂಡ್ ಹಿಂದಿನದು, ಹುಡುಗಿಯರದ್ದು, ನೀರಿನ ಟ್ಯಾಂಕಿನ ಹತ್ತಿರ ಹೊಸದಾಗಿ ಆದದ್ದು, ಬೆರಳು ಮಡಚುತ್ತಾ ಒಂದೊಂದನ್ನೇ ನೆನಪು ಮಾಡಿಕೊಂಡ. ಊರಿನಲ್ಲಿ ಅಂಥ ಸ್ಕೂಲು ಒಂದೂ ಇರಲಿಲ್ಲ.